ಎಫ್‌ಎಂ ಆಮೇಲೆ, ಮೊದಲು ಚಾಸಿಸ್ ನೋಡಿ

ಪ್ರಶ್ನೆ: ಅಜ್ಜನ ಕಾಲದ ವಾಲ್ವ್ (ಗಾಜಿನ ಕೊಳವೆಯ) ರೇಡಿಯೋ ಉಂಟು. ಮೀಡಿಯಂ ವೇವ್‌ನಲ್ಲಿ ಕರಕರವೇ ಹೆಚ್ಚು. ಮಂಗಳೂರು ಆಕಾಶವಾಣಿಯ 100.3 ಎಫ್‌ಎಂ ಅದರಲ್ಲಿ ಕೇಳಬೇಕೆಂದು ಆಸೆ. ಮಿಕ್ಸರ್ ಎಂಬ ಕಂಪನಾಂಕ ಬದಲಿಸುವ ಸರ್ಕ್ಯೂಟ್ ಕಟ್ಟಿ 100.3 ಮೆಗಾಹರ್ಟ್ಸನ್ನು 1 ಮೆಗಾಹರ್ಟ್ಸಿಗೆ ಇಳಿಸಿದೆ. ಗೊಗ್ಗರು ಸದ್ದು ಬಿಟ್ಟರೆ ಏನೂ ಇಲ್ಲ. ಅಂದಹಾಗೆ, ಜೋಡಿಸುವಾಗ ಕೈ ಜುಮ್ಮೆಂದಿತು. (ಉಡುಪಿ ಕಡೆಯ ಓದುಗರು)

ಉತ್ತರ: ‘ಅಂದಹಾಗೆ’ ಎಂದು ಕೊನೆಗೆ ಬರೆದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಪ್ಲಗ್ ತೆಗೆದಿಟ್ಟು ಓದಿ.

ರೇಡಿಯೋದ ಹಿಂಬದಿಯ ರಟ್ಟು ಬಿಚ್ಚಿ ವಾಲ್ವ್‌ಗಳ ಹೆಸರು ನೋಡಿ. ಇಸಿಎಚ್81, ಇಬಿಎಫ್89 ಎಂದು ‘ಇ’ಯಿಂದ ಶುರುವಾದರೆ ಸಾಮಾನ್ಯವಾಗಿ ಒಳಗೆ ಪವರ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಯುಸಿಎಚ್81, ಯುಬಿಎಫ್89 ಎಂದು ‘ಯು’ನಿಂದ ಶುರುವಾದರೆ ಅದು ಎಸಿ-ಡಿಸಿ ಸೆಟ್. ಅದರಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲ. ವಾಲ್ವ್‌ಗಳ ಹೀಟರ್‌ಗಳೆಲ್ಲ ಸರಪಳಿಯಾಗಿ ನೇರ ಕರೆಂಟಿಗೇ ಸೇರಿಕೊಂಡಿರುತ್ತವೆ, ಎಲ್ಲವನ್ನೂ ಕೂರಿಸಿದ ಲೋಹದ ಚೌಕಟ್ಟು, ಅಂದರೆ ಚಾಸಿಸ್ಸೂ ಲೈನಿನ ಒಂದು ತಂತಿಗೆ ಸೇರಿರುತ್ತದೆ. ಎರಡು ಪಿನ್ನಿನ ಪ್ಲಗ್ ಒಂದು ಮಗ್ಗುಲಲ್ಲಿ ಚುಚ್ಚಿದರೆ ಚಾಸಿಸ್ ನ್ಯೂಟ್ರಲ್, ತಿರುಗಿಸಿ ಚುಚ್ಚಿದರೆ 230 ವೋಲ್ಟ್. ನಾಬ್ ಒಳಗಿನ ಸಣ್ಣ ಸ್ಕ್ರೂ ಕೂಡ ಆ ಚಾಸಿಸ್ಸಿನದ್ದೇ ಭಾಗ. ಒಂದು ಆಟಿ ತಿಂಗಳ ಮಳೆಗಾಲದಲ್ಲಿ, ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಅದನ್ನು ಮುಟ್ಟಿದ್ದೇನೆ. ಎರಡು ದಿನ ಮೊಣಕೈ ಎತ್ತಲಿಕ್ಕಾಗಲಿಲ್ಲ.

ಇಂಥ ಸೆಟ್ಟಿಗೆ ನಿಮ್ಮ ಮಿಕ್ಸರಿನ ಗ್ರೌಂಡ್ ತಂತಿ ಬೆಸೆಯಲೇಬೇಡಿ. ‘ನಡುವೆ ಒಂದು ಕೆಪಾಸಿಟರ್ ಹಾಕಿ, ಏನೂ ಆಗುವುದಿಲ್ಲ’ ಎನ್ನುವ ಯೂಟ್ಯೂಬ್ ಪಂಡಿತರಿದ್ದಾರೆ. ಎಷ್ಟರದ್ದು ಎಂದು ಹೇಳುವುದಿಲ್ಲ ಅವರು. 0.1 ಮೈಕ್ರೋಫ್ಯಾರಡ್ ಹಾಕಿದರೆ 230 ವೋಲ್ಟಿನಲ್ಲಿ ನಿಮ್ಮ ಮೈಮೂಲಕ 7 ಮಿಲಿಆಂಪಿಯರ್ ಹರಿಯುತ್ತದೆ. ಅದರ ನೂರನೇ ಒಂದು ಪಾಲಾದ 1 ನ್ಯಾನೋಫ್ಯಾರಡ್ ಆದರೆ 0.07 ಮಿಲಿಆಂಪಿಯರ್ ಮಾತ್ರ. ಈ ಎರಡರ ನಡುವಿನ ವ್ಯತ್ಯಾಸ ತಿಳಿಯದವನು ಇನ್ನೊಬ್ಬರಿಗೆ ಪಾಠ ಮಾಡಬಾರದು. ಹಾಕುವುದೇ ಆದರೂ ಅದು ವೈ-ಕ್ಲಾಸ್ (ಮೆಯಿನ್ಸ್ ಕರೆಂಟಿನ ಸುರಕ್ಷತೆಗೆಂದೇ ಮಾಡಿದ) ಕೆಪಾಸಿಟರೇ ಆಗಬೇಕು, ಡಬ್ಬದ ತಳದಲ್ಲಿ ಸಿಕ್ಕಿದ ಹಳೆಯದ್ದಲ್ಲ.

ಇನ್ನು ನಿಮ್ಮ ಮಿಕ್ಸರ್. ಇಳಿಸಿದ್ದು ಸರಿ, ಆದರೆ ಇಳಿದದ್ದು ಎಫ್‌ಎಂ ಆಗಿಯೇ ಇಳಿದಿದೆ ಮಾರಾಯ್ರೇ! ಎಫ್‌ಎಂನಲ್ಲಿ ದನಿ ಇರುವುದು ಕಂಪನಾಂಕದ ಓಲಾಟದಲ್ಲಿ. ನಿಮ್ಮ ರೇಡಿಯೋದಲ್ಲಿ ಅಲೆಯಿಂದ ದನಿ ಬಿಡಿಸುವ ಡಿಟೆಕ್ಟರಿಗೆ ಗೊತ್ತಿರುವುದು ಅಲೆಯ ಎತ್ತರ ತಗ್ಗು ಮಾತ್ರ. ಮೇಲಾಗಿ ಆ ಓಲಾಟ ಎರಡೂ ಕಡೆಗೆ 75 ಕಿಲೋಹರ್ಟ್ಸ್‌ವರೆಗೆ ಹೋಗುತ್ತದೆ, ನಿಮ್ಮ ಸೆಟ್ಟಿನ ಐಎಫ್ (ಬೇಕಾದ ಕೇಂದ್ರವನ್ನಷ್ಟೇ ಸೋಸುವ ಹಂತ) ಒಳಗೆ ಬಿಡುವುದು ಒಟ್ಟು 10 ಕಿಲೋಹರ್ಟ್ಸ್ ಆಸುಪಾಸು. ರಥಬೀದಿಯ ತೇರನ್ನು ಅಡುಗೆಮನೆ ಬಾಗಿಲಲ್ಲಿ ಒಳಗೆ ಎಳೆಯಲು ಹೊರಟಂತಾಯಿತು.

ಮಾಡಬೇಕಾದ್ದು ಬೇರೆ. ಎಫ್‌ಎಂ ಹಿಡಿಯುವ ಕೆಲಸವನ್ನು ಸೆಲ್ಲಿನಲ್ಲಿ ನಡೆಯುವ ಪುಟ್ಟ ಪಾಕೆಟ್ ರೇಡಿಯೋಕ್ಕೆ ಬಿಡಿ. ಅದರ ಇಯರ್‌ಫೋನ್ ತೂತಿನಿಂದ ಬರುವ ದನಿಯನ್ನು ಹಳೆ ಟ್ರಾನ್ಸಿಸ್ಟರ್ ಸೆಟ್ಟಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಸ್ಪೀಕರ್ ಸುರುಳಿಗೆ ಕೊಡಿ. ಇನ್ನೊಂದು ಸುರುಳಿಯ ಮೂಲಕ ಮೂರು ಪೆನ್ಸಿಲ್ ಸೆಲ್ಲುಗಳ 4.5 ವೋಲ್ಟ್, 1 ಮೆಗಾಹರ್ಟ್ಸ್‌ನ ಕ್ರಿಸ್ಟಲ್ ಆಸಿಲೇಟರಿಗೆ ಹೋಗಲಿ. ಒಂದೇ ಕಂಪನಾಂಕದ ಅಲೆ ಹುಟ್ಟಿಸುವ, ನಾಲ್ಕು ಕಾಲಿನ ತಗಡಿನ ಚಿಕ್ಕ ಡಬ್ಬಿ ಅದು. ದನಿಗೆ ತಕ್ಕಂತೆ ಅದರ ವೋಲ್ಟೇಜ್ ಏರಿಳಿಯುತ್ತದೆ, ಅಲೆಯ ಎತ್ತರವೂ ಏರಿಳಿಯುತ್ತದೆ. ಅಜ್ಜನ ರೇಡಿಯೋಕ್ಕೆ ಅರ್ಥವಾಗುವ ಭಾಷೆ ಇದು. ಆಸಿಲೇಟರಿನ ಔಟ್‌ಪುಟ್ಟಿಗೆ ಪ್ಲಾಸ್ಟಿಕ್ ಹೊದಿಕೆಯ ತಂತಿ ಕಟ್ಟಿ, ರೇಡಿಯೋದ ಏರಿಯಲ್ ವೈರಿನ ಸುತ್ತ ಐದಾರು ಸುತ್ತು ಸುತ್ತಿಬಿಡಿ. ತಾಮ್ರಕ್ಕೆ ತಾಮ್ರ ಎಲ್ಲೂ ತಾಗಕೂಡದು. ಡಯಲಿನ ಮುಳ್ಳನ್ನು 300 ಮೀಟರಿಗೆ ತನ್ನಿ, 1 ಮೆಗಾಹರ್ಟ್ಸ್ ಬೀಳುವುದು ಅಲ್ಲೇ. ಬ್ರಹ್ಮಾವರದ ಆಕಾಶವಾಣಿ ಮೀಡಿಯಂ ವೇವ್ ಕೇಂದ್ರದ 1089 ಕಿಲೋಹರ್ಟ್ಸ್ ಬೀಳುವುದು 275ರ ಹತ್ತಿರ, ಹಾಗಾಗಿ ಜಗಳವಿಲ್ಲ. ದನಿ ಒಡೆದರೆ ಪಾಕೆಟ್ ರೇಡಿಯೋದ ವಾಲ್ಯೂಮ್ ತಗ್ಗಿಸಿ, ಆಸಿಲೇಟರನ್ನು ಬೈಯಬೇಡಿ.

ಸೆಲ್ಲಿನ ಬದಲು ಮೊಬೈಲ್ ಚಾರ್ಜರ್ ಆಗುತ್ತದಾ ಎಂದು ಕೇಳುವವರು ಇದ್ದೇ ಇರುತ್ತಾರೆ. ಬೇಡ. ಅಗ್ಗದ ಚಾರ್ಜರ್ ತರುವ ಗೊಂಯ್ ಸದ್ದು ಕೇಳಲಿಕ್ಕೆ ಇಷ್ಟೆಲ್ಲ ಕಟ್ಟಬೇಕಾಗಿಲ್ಲ. ಹಾಂ, ತೆಂಗಿನ ಮರಕ್ಕೆ ಕಟ್ಟಿದ ಉದ್ದ ಏರಿಯಲ್ ಇದ್ದರೆ ಕಳಚಿಡಿ, ಮೇಜಿನ ಮೇಲಿನ ಎರಡು ಅಡಿ ತಂತಿ ಸಾಕು. ಇಲ್ಲದಿದ್ದರೆ ನಿಮ್ಮ ಆಟಿಕೆ ಪ್ರಸಾರ ಕೇಂದ್ರವಾಗುತ್ತದೆ, ಪರವಾನಗಿ ಇಲ್ಲದ ಪ್ರಸಾರ ಕಾನೂನಿಗೆ ವಿರುದ್ಧ.

ಪ್ರಶ್ನೆ: ಹಳೆ ರೇಡಿಯೋದೊಳಗೆ ‘ರೆಡ್ ಮರ್ಕ್ಯುರಿ’ ಇರುತ್ತದಂತೆ, ಲಕ್ಷಗಟ್ಟಲೆ ಕೊಡುತ್ತಾರಂತೆ? (ಮಂಗಳೂರು)

ಉತ್ತರ: ಇಲ್ಲ. ಕೇಳಿಕೊಂಡು ಬಂದವನಿಗೆ ಚಹಾ ಸಹ ಕೊಡಬೇಡಿ.

ಪ್ರಶ್ನೆ: ಮೂವತ್ತು ವರ್ಷ ಅಟ್ಟದಲ್ಲಿದ್ದ ಸೆಟ್ಟನ್ನು ಸುಮ್ಮನೆ ಆನ್ ಮಾಡಿ ನೋಡಬಹುದೇ?

ಉತ್ತರ: ನಮ್ಮ ಮಳೆಗಾಲ, ಉಪ್ಪುಗಾಳಿ ಎರಡನ್ನೂ ಕುಡಿದ ಪೇಪರ್ ಕೆಪಾಸಿಟರ್‌ಗಳು ಅದರೊಳಗಿವೆ. ಅವನ್ನು ಬದಲಿಸಿ, ಮೊದಲ ಸಲ 60 ವ್ಯಾಟಿನ ಹಳೆ ಕಾಲದ ತಂತಿ (ಫಿಲಮೆಂಟ್) ಬಲ್ಬನ್ನು ರೇಡಿಯೋಕ್ಕೆ ಹೋಗುವ ಕರೆಂಟಿನ ದಾರಿಯಲ್ಲಿ ಸೀರೀಸಿನಲ್ಲಿ ಹಾಕಿ ಆನ್ ಮಾಡಿ. ಎಲ್‌ಇಡಿ ಬಲ್ಬ್ ಆಗುವುದಿಲ್ಲ. ಇದನ್ನು ಕಳೆದ ಸಲವೂ ಹೇಳಿದ್ದೆ.