ಮಳೆಗಾಲದಲ್ಲೂ ಮಸಾಲೆ ಬಿಸ್ಕೆಟ್ ಗರಿಗರಿಯಾಗಿ ಇರಬೇಕಾದರೆ

ಮಡಿಕೇರಿಯಲ್ಲಿದ್ದೀರಿ, ಹಳೇ ಕಾಲದ ಶುಂಠಿ-ಚಕ್ಕೆ ಬಿಸ್ಕೆಟ್ ಮನೆಯಲ್ಲೇ ಮಾಡುತ್ತೀರಿ, ಬೆಲ್ಲ ಜೇನು ಎರಡೂ ಹಾಕುತ್ತೀರಿ, ಮರುದಿನಕ್ಕೆಲ್ಲ ಮೆತ್ತಗಾಗುತ್ತದೆ, ಮಸಾಲೆಯ ಘಮವೂ ಅಷ್ಟಾಗಿ ಬರುವುದಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ವಿರಾಜಪೇಟೆ ಕಡೆಯವಳು. ನಮ್ಮ ಮಳೆ, ಥಂಡಿ ಎರಡೂ ಗೊತ್ತಿರುವುದರಿಂದ ಹೇಳುತ್ತಿದ್ದೇನೆ.

ಮೊದಲು ಜೇನು ಬಿಟ್ಟುಬಿಡಿ. ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಜೇನು, ಜೋನಿ ಬೆಲ್ಲ ಎರಡೂ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತವೆ. ಉಂಡೆ ಬೆಲ್ಲವೂ ಸ್ವಲ್ಪ ಮಟ್ಟಿಗೆ ಹಾಗೇ. ಜುಲೈನಲ್ಲಿ ಬೆಲ್ಲದ ಡಬ್ಬಿ ತೆಗೆದು ನೋಡಿ, ಅಡಿಯಲ್ಲಿ ನೀರು ಬಿಟ್ಟುಕೊಂಡಿರುತ್ತದೆ ಅಲ್ವಾ? ಬಿಸ್ಕೆಟ್ ಒಳಗೆ ನಡೆಯುವುದೂ ಅದೇ. ಸಕ್ಕರೆ ಹಾಗಲ್ಲ. ಶಾಖಕ್ಕೆ ಕರಗುತ್ತದೆ, ಆರಿದ ಮೇಲೆ ಮತ್ತೆ ಗಟ್ಟಿಯಾಗುತ್ತದೆ. ಗರಿಗರಿ ಬರುವುದು ಅದರಿಂದ.

ಜೇನಿನ ರೆಸಿಪಿ ತಪ್ಪು ಅಂತಲ್ಲ. ಜರ್ಮನಿಯಲ್ಲಿ ಕ್ರಿಸ್‌ಮಸ್‌ಗೆ ಮಾಡುವ ಲೆಬ್‌ಕೂಖನ್‌ಗೆ ಜೇನು ಹಾಕುವುದು ಹಳೇ ಪದ್ಧತಿ. ಆದರೆ ಅದು ಮೆತ್ತಗೇ ಇರಬೇಕಾದ ತಿಂಡಿ. ನಿಮಗೆ ಬೇಕಿರುವುದು ನೆದರ್ಲೆಂಡ್ಸ್‌ನವರು ಡಿಸೆಂಬರ್ 5ರ ಸೇಂಟ್ ನಿಕೋಲಾಸ್ ಹಬ್ಬಕ್ಕೆ ಮಾಡುವ ಸ್ಪೆಕ್ಯುಲಾಸ್ ಥರದ್ದು. ಬೆಣ್ಣೆ, ಸಕ್ಕರೆ, ಚಕ್ಕೆ, ಲವಂಗ, ಜಾಯಿಕಾಯಿ, ಮುರಿದರೆ ಕಟಕ್ ಅನ್ನಬೇಕು.

ಬೆಲ್ಲ ಪೂರ್ತಿ ಬಿಡಬೇಡಿ, ರುಚಿ ಹೋಗುತ್ತದೆ. ನನ್ನ ಅಳತೆ ಹೀಗಿದೆ: ಮೈದಾ 250 ಗ್ರಾಂ, ಬೆಣ್ಣೆ 120, ಸಕ್ಕರೆ ಪುಡಿ 80, ಒಣಗಿದ ಬೆಲ್ಲದ ಪುಡಿ 60. ಅಡುಗೆ ಸೋಡಾ ಅರ್ಧ ಟೀ ಚಮಚ, ಚಿಟಿಕೆ ಉಪ್ಪು. ಸೋಡಾ ಜಾಸ್ತಿಯಾದರೆ ಬಣ್ಣ ಬೇಗ ಏರುತ್ತದೆ, ಬಾಯಲ್ಲಿ ಸೋಪಿನ ರುಚಿ ನಿಲ್ಲುತ್ತದೆ. ಬೆಣ್ಣೆ, ಸಕ್ಕರೆ, ಬೆಲ್ಲ ಮೊದಲು ಚೆನ್ನಾಗಿ ಕಲಸಿ, ಆಮೇಲೆ ಮೈದಾ ಸೇರಿಸಿ. ಹಿಟ್ಟು ಕೂಡಿಕೊಳ್ಳಲು ಎಷ್ಟು ಬೇಕೋ ಅಷ್ಟೇ ಹಾಲು, ಎರಡು ಮೂರು ಚಮಚ ಸಾಕು. ಚಪಾತಿ ಹಿಟ್ಟಿನ ಹಾಗೆ ನಾದಬೇಡಿ, ನಾದಿದರೆ ಬಿಸ್ಕೆಟ್ ಕಲ್ಲಾಗುತ್ತದೆ. ಮೊಟ್ಟೆ ಬೇಡ.

ಈಗ ಮಸಾಲೆ. ಇಲ್ಲಿ ಮಾತ್ರ ದಯವಿಟ್ಟು ಅವಸರ ಮಾಡಬೇಡಿ. ಏಲಕ್ಕಿ, ಕಾಳುಮೆಣಸು ಬೆಳೆಯುವ ಊರಲ್ಲಿ ಕೂತು ಪ್ಯಾಕೆಟ್ ಪುಡಿ ಹಾಕುವುದು ನನಗೆ ಸಂಕಟದ ವಿಷಯ. ಪುಡಿ ಮಾಡಿಟ್ಟ ದಿನದಿಂದಲೇ ಘಮ ಹಾರತೊಡಗುತ್ತದೆ. ನಿಮ್ಮ ಬಿಸ್ಕೆಟ್‌ನಲ್ಲಿ ಪರಿಮಳ ಇಲ್ಲದಿರುವುದಕ್ಕೆ ಬಹುಶಃ ಇದೇ ಕಾರಣ. ಮಳೆಗಾಲದಲ್ಲಿ ಇಡೀ ಮಸಾಲೆಗೂ ಥಂಡಿ ಹಿಡಿದಿರುತ್ತದೆ. ಹಾಗಾಗಿ ಚಕ್ಕೆ, ಲವಂಗ, ಮೆಣಸನ್ನು ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ. ಹುರಿಯುವುದಲ್ಲ, ಮುಟ್ಟಿದರೆ ಬಿಸಿ ತಾಗಿದರೆ ಸಾಕು. ಆರಿದ ಮೇಲೆ ಕುಟ್ಟಿ, ಜರಡಿ ಹಿಡಿಯಿರಿ. ಚಕ್ಕೆಯ ನಾರು ಜರಡಿಯಲ್ಲೇ ಉಳಿಯಬೇಕು, ಇಲ್ಲದಿದ್ದರೆ ಹಲ್ಲಿಗೆ ಸಿಗುತ್ತದೆ.

ಒಣಶುಂಠಿ ಪುಡಿ ಎರಡು ಟೀ ಚಮಚ, ಚಕ್ಕೆ ಒಂದೂವರೆ, ಏಲಕ್ಕಿ ಅರ್ಧ, ಮೆಣಸು ಅರ್ಧ, ಜಾಯಿಕಾಯಿ ಕಾಲು. ಲವಂಗವೂ ಕಾಲು ಚಮಚ ದಾಟಬಾರದು. ದಾಟಿದರೆ ನಾಲಿಗೆ ಜೋಮು ಹಿಡಿದು ಉಳಿದ ಯಾವ ರುಚಿಯೂ ಗೊತ್ತಾಗುವುದಿಲ್ಲ. ಹಸಿಶುಂಠಿ ತುರಿದು ಹಾಕಬೇಡಿ, ಅದರ ಜೊತೆ ನೀರೂ ಬರುತ್ತದೆ. ಮೆಣಸು ಹಾಕಿದ್ದು ಯಾರಿಗೂ ಹೇಳುವುದು ಬೇಡ. ತಿಂದು ಮುಗಿಸಿದ ಮೇಲೆ ಗಂಟಲಲ್ಲಿ ಸಣ್ಣಗೆ ಖಾರ ಏಳುತ್ತದಲ್ಲ, ಬೆಲ್ಲದ ಕಾಫಿ ಜೊತೆ ಅದರ ಸುಖವೇ ಬೇರೆ.

ಕಲಸಿದ ಹಿಟ್ಟನ್ನು ಮುಚ್ಚಿ ಒಂದು ರಾತ್ರಿ ಫ್ರಿಜ್‌ನಲ್ಲಿಡಿ. ಮಸಾಲೆಯ ಸಾರ ಬೆಣ್ಣೆಗೆ ಇಳಿಯುತ್ತದೆ, ಬೇಯುವಾಗ ಬಿಸ್ಕೆಟ್ ಹರಡುವುದಿಲ್ಲ. ಮರುದಿನ ತೆಳ್ಳಗೆ, 4 ಮಿಲಿಮೀಟರ್‌ನಷ್ಟು ಲಟ್ಟಿಸಿ ಕತ್ತರಿಸಿ.

ಮೊದಲೇ ಕಾಯಿಸಿಟ್ಟ ಓವನ್‌ನಲ್ಲಿ 160 ಡಿಗ್ರಿಯಲ್ಲಿ 15ರಿಂದ 18 ನಿಮಿಷ. ಹೊರಗೆ ತೆಗೆದಾಗ ಮೆತ್ತಗೇ ಇರುತ್ತದೆ, ಗಾಬರಿ ಬೇಡ. ಪೂರ್ತಿ ಆರಿದ ಮೇಲೆ ಒಂದನ್ನು ಮುರಿದು ಬೆಳಕಿಗೆ ಹಿಡಿಯಿರಿ. ಅಂಚಿನ ಹತ್ತಿರ ಒಣ ಕಂದು, ನಡುವೆ ಒಂದು ಕಪ್ಪಗಿನ ಒದ್ದೆ ಗೆರೆ ಕಂಡರೆ ಒಳಗೆ ನೀರು ಉಳಿದಿದೆ ಅಂತ ಅರ್ಥ. ನೀವು ಬಿಸಿಯಲ್ಲೇ ತಿಂದು ನೋಡುತ್ತಿರುವುದರಿಂದ ಈ ಗೆರೆ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ಗೆರೆ ಇದ್ದರೆ ಎಲ್ಲವನ್ನೂ ಮತ್ತೆ 130 ಡಿಗ್ರಿಯಲ್ಲಿ 10 ನಿಮಿಷ ಇಡಿ. ಆಮೇಲೆ ಓವನ್ ಆರಿಸಿ, ಬಾಗಿಲು ಸ್ವಲ್ಪ ತೆರೆದು ಅಲ್ಲೇ ಆರಲು ಬಿಡಿ. ಕಕ್ಕಡದ (ಕೊಡಗಿನ ಜುಲೈ-ಆಗಸ್ಟ್‌ನ ತಿಂಗಳು) ಮಳೆಯಲ್ಲಂತೂ ಗೆರೆ ಇರಲಿ ಬಿಡಲಿ, ನಾನು ಎರಡನೇ ಸಲ ಇಟ್ಟೇ ಇಡುತ್ತೇನೆ.

ಆಗ ಕರೆಂಟ್ ನಂಬುವ ಹಾಗಿಲ್ಲ, ಅದು ನಿಮಗೂ ಗೊತ್ತು. ಗ್ಯಾಸ್ ಮೇಲೆ ದಪ್ಪ ತಳದ ಪಾತ್ರೆಗೆ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಅದರ ಮೇಲೆ ತಟ್ಟೆ ಇಟ್ಟು ಮಾಡಬಹುದು. ಆದರೆ ಮುಚ್ಚಳ ಬಿಗಿಯಾಗಿ ಕೂರಬಾರದು. ಹಿಟ್ಟಿನಿಂದ ಏಳುವ ಹಬೆಗೆ ಹೋಗಲು ದಾರಿ ಬೇಕು. ಕುಕ್ಕರ್ ಆದರೆ ಗ್ಯಾಸ್ಕೆಟ್, ವೇಟ್ ಎರಡೂ ತೆಗೆದಿಡಿ.

ಡಬ್ಬಿಗೆ ಹಾಕುವಾಗ ಬಿಸ್ಕೆಟ್ ಪೂರ್ತಿ ತಣ್ಣಗಾಗಿರಬೇಕು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಒಳ್ಳೆಯದು. ಹುರಿದು ಆರಿಸಿದ ಒಂದು ಹಿಡಿ ಅಕ್ಕಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಅಡಿಯಲ್ಲಿಡಿ, ತೇವ ಅದಕ್ಕೆ ಹೋಗುತ್ತದೆ. ಕೇಕ್ ಇರುವ ಡಬ್ಬಿಯಲ್ಲಿ ಮಾತ್ರ ಬಿಸ್ಕೆಟ್ ಇಡಬೇಡಿ. ದಿನಕ್ಕೆ ಹತ್ತು ಸಲ ಮುಚ್ಚಳ ತೆಗೆಯುವ ಮಕ್ಕಳಿದ್ದರೆ, ಅವರಿಗೆ ಬೇಕಾದಷ್ಟನ್ನು ಬೇರೆ ಸಣ್ಣ ಡಬ್ಬಿಗೆ ತೆಗೆದಿಟ್ಟುಬಿಡಿ.

ಈಗಾಗಲೇ ಮೆತ್ತಗಾಗಿರುವುದನ್ನು ಎಸೆಯಬೇಡಿ. ಅದನ್ನೂ 130 ಡಿಗ್ರಿಯಲ್ಲಿ 10 ನಿಮಿಷ ಇಟ್ಟರೆ ಗರಿಗರಿಯಾಗುತ್ತದೆ. ಜೇನು ಹಾಕಿ ಮಾಡಿದ್ದಾದ್ದರಿಂದ ಸಂಜೆಗೆ ಮತ್ತೆ ಮೆತ್ತಗಾಗಬಹುದು. ಅವತ್ತಿಗೆ ಎಷ್ಟು ಬೇಕೋ ಅಷ್ಟನ್ನೇ ಬಿಸಿ ಮಾಡಿಕೊಳ್ಳಿ.