ಬುಲೆಟ್ 350ಕ್ಕೆ 500ರ ಕಾರ್ಬೊರೇಟರ್ ಹೊಂದುತ್ತದೆಯೇ?

ನಿಮ್ಮಲ್ಲಿರುವುದು ಹಳೆಯ ಕ್ಯಾಸ್ಟ್ ಐರನ್ ಇಂಜಿನ್‌ನ ಬುಲೆಟ್ 350, ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್‌ಗೆ ಕೊಡುವ ಅದರ ಕಾರ್ಬೊರೇಟರ್ ಸವೆದಿದೆ. 500 ಸಿಸಿ ಬುಲೆಟ್‌ನ ದೊಡ್ಡ ಕಾರ್ಬೊರೇಟರ್ ಹಾಕಿಸಿದರೆ ಪಿಕಪ್ ಹೆಚ್ಚುತ್ತದೆ ಎಂದು ಗ್ಯಾರೇಜಿನವರು ಹೇಳಿದ್ದಾರೆ, ಅದು ನಿಜವೇ ಎಂದು ಕೇಳಿದ್ದೀರಿ. ಹಾಕಿಸಬೇಡಿ ಎಂಬುದು ನನ್ನ ಉತ್ತರ. ಈ ಇಂಜಿನ್‌ಗಳನ್ನು ಬಹುಕಾಲದಿಂದ ಓಡಿಸುತ್ತ, ಬಿಚ್ಚಿ ಜೋಡಿಸುತ್ತ ಬಂದವನಾದ್ದರಿಂದ ಕಾರಣವನ್ನು ಲೆಕ್ಕಸಮೇತ ಹೇಳುತ್ತೇನೆ.

ಕಾರ್ಬೊರೇಟರ್ ಎಷ್ಟು ದೊಡ್ಡದಿರಬೇಕು ಎಂಬುದನ್ನು ನಿರ್ಧರಿಸುವುದು ಇಂಜಿನ್ ಎಳೆದುಕೊಳ್ಳುವ ಗಾಳಿ. 350ರ ಬೋರ್ (ಸಿಲಿಂಡರ್‌ನ ಒಳವ್ಯಾಸ) 70 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 90 ಮಿ.ಮೀ.; ಅಂದರೆ 346 ಸಿಸಿ. 500ರಲ್ಲಿ ಸ್ಟ್ರೋಕ್ ಅಷ್ಟೇ ಇದ್ದು ಬೋರ್ 84 ಮಿ.ಮೀ. ಆಗಿರುವುದರಿಂದ 499 ಸಿಸಿ ಆಗುತ್ತದೆ. ಕಂಪನಿಯು ಮೊದಲನೆಯದಕ್ಕೆ ಗಾಳಿ ಹಾಯುವ ದಾರಿಯ ವ್ಯಾಸ 24 ಮಿ.ಮೀ. ಇರುವ ಮಿಕ್‌ಕಾರ್ಬ್ ವಿಎಂ24 ಅನ್ನೂ ಎರಡನೆಯದಕ್ಕೆ 28 ಮಿ.ಮೀ.ನ ವಿಎಂ28 ಅನ್ನೂ ಕೊಟ್ಟಿತ್ತು. ನಾಲ್ಕು ಮಿ.ಮೀ. ಏನು ಮಹಾ ಎನಿಸಬಹುದು. ಆದರೆ ಗಾಳಿ ಹಾಯುವ ದಾರಿಯ ವಿಸ್ತೀರ್ಣ ಅಷ್ಟರಿಂದಲೇ ಶೇ. 36ರಷ್ಟು ಹೆಚ್ಚುತ್ತದೆ. ಇಂಜಿನ್‌ನ ಸಾಮರ್ಥ್ಯ ಹೆಚ್ಚಿದ್ದು ಶೇ. 44ರಷ್ಟು. ಆ ಜೋಡಿ ಸುಮ್ಮನೆ ಬಂದದ್ದಲ್ಲ ಎಂಬುದಕ್ಕೆ ಈ ಎರಡು ಅಂಕಿಗಳೇ ಸಾಕು.

ಈಗ ದೊಡ್ಡದನ್ನು ಚಿಕ್ಕ ಇಂಜಿನ್‌ಗೆ ಕೂರಿಸಿದರೆ ಏನಾಗುತ್ತದೆ ನೋಡಿ. ಜೆಟ್ ಎಂಬ ಸಣ್ಣ ತೂತಿನಿಂದ ಪೆಟ್ರೋಲ್ ಮೇಲೇಳುವುದು ಗಾಳಿಯ ವೇಗದಿಂದ ಉಂಟಾಗುವ ಸೆಳೆತದಿಂದ, ಮತ್ತು ಆ ಸೆಳೆತ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಅಷ್ಟೇ ಗಾಳಿ 24ರ ಬದಲು 28 ಮಿ.ಮೀ. ದಾರಿಯಲ್ಲಿ ಹಾದರೆ ವೇಗ ಸುಮಾರು ಶೇ. 27ರಷ್ಟು ತಗ್ಗುತ್ತದೆ, ಸೆಳೆತವಾದರೋ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಪೆಟ್ರೋಲ್ ನುಣ್ಣಗೆ ಒಡೆದು ಗಾಳಿಯೊಡನೆ ಬೆರೆಯದೆ ದಪ್ಪ ಹನಿಗಳಾಗಿ ಒಳಗೆ ಹೋಗುತ್ತದೆ. ವಿಎಂ ಮಾದರಿಯಲ್ಲಿ ಥ್ರಾಟಲ್ ತಿರುಗಿಸಿದಂತೆ ಮೇಲೇರುವ ಸ್ಲೈಡ್ ಕೆಳಗಿರುವಷ್ಟು ಹೊತ್ತು ಅದೇ ದಾರಿಯನ್ನು ಕಿರಿದಾಗಿಸಿರುವುದರಿಂದ ಮೆಲ್ಲಗೆ ಓಡಿಸುವಾಗ ಈ ದೋಷ ಅಷ್ಟಾಗಿ ಕಾಣುವುದಿಲ್ಲ. ಟಾಪ್ ಗೇರಿನಲ್ಲಿ, ಕಡಿಮೆ ಆರ್‌ಪಿಎಂನಲ್ಲಿ, ಏರು ರಸ್ತೆಯಲ್ಲಿ ಥ್ರಾಟಲ್ ಪೂರ್ತಿ ತಿರುಗಿಸಿದಾಗ ಗಾಡಿ ಒಂದು ಕ್ಷಣ ಉಸಿರುಗಟ್ಟಿದಂತಾಗಿ ಆಮೇಲೆ ಎಳೆಯುತ್ತದೆ. ಬುಲೆಟ್ ಇಷ್ಟಪಡುವವರು ಅದನ್ನು ಇಷ್ಟಪಡುವುದೇ ಆ ಕೆಳಗಿನ ಎಳೆತಕ್ಕಾಗಿ. ಅದನ್ನು ಕಳೆದುಕೊಂಡು ಪಡೆಯುವುದಾದರೂ ಏನು? 18 ಬಿಎಚ್‌ಪಿಯ, 5625 ಆರ್‌ಪಿಎಂಗೆ ಗರಿಷ್ಠ ಶಕ್ತಿ ಕೊಡುವ ಇಂಜಿನ್‌ನ ವಾಲ್ವ್, ಕ್ಯಾಮ್, ಪೋರ್ಟ್ ಯಾವುದೂ ಬದಲಾಗದಿದ್ದರೆ ಮೇಲ್ತುದಿಯ ಲಾಭ ಅತ್ಯಲ್ಪ.

ಅಳತೆ ಹೊಂದಿದ ಮಾತ್ರಕ್ಕೆ ಕಾರ್ಬೊರೇಟರ್ ಹೊಂದಿತು ಎಂದೂ ತಿಳಿಯಬೇಡಿ. ಅಂಗಡಿಯಲ್ಲಿ 24 ಮಿ.ಮೀ. ಎಂದು ಕೇಳಿದರೆ ಟೂ ಸ್ಟ್ರೋಕ್ ಗಾಡಿಯದನ್ನೂ ಕೊಟ್ಟಾರು. ಹೊರಗಿನಿಂದ ಎರಡೂ ಒಂದೇ. ಒಳಗೆ ನೀಡಲ್ ಜೆಟ್‌ನ (ಸ್ಲೈಡ್‌ಗೆ ಸಿಕ್ಕಿಸಿದ ನೀಡಲ್, ಅಂದರೆ ಸೂಜಿ, ಇಳಿಯುವ ಜೆಟ್) ರಚನೆ ಬೇರೆ, ಸ್ಲೈಡ್‌ನ ಅಡಿಯ ಓರೆ ಕಡಿತ ಬೇರೆ, ನೀಡಲ್‌ನ ಇಳಿಜಾರು ಬೇರೆ. ಏಕೆಂದರೆ ಎರಡು ಬಗೆಯ ಇಂಜಿನ್‌ಗಳು ಗಾಳಿಯನ್ನು ಎಳೆದುಕೊಳ್ಳುವ ಮಿಡಿತವೇ ಬೇರೆ. ಮೇನ್ ಜೆಟ್ ಒಂದನ್ನೇ ಬದಲಿಸಿ ಇದನ್ನು ಸರಿಪಡಿಸಲಾಗದು. ಮೇನ್ ಜೆಟ್‌ನ ಪ್ರಭಾವವೆಲ್ಲ ಮುಕ್ಕಾಲು ಥ್ರಾಟಲ್ ದಾಟಿದ ಮೇಲೆ. ಊರೊಳಗೆ ನೀವು ಓಡಿಸುವ ಕಾಲುಭಾಗ, ಅರ್ಧಭಾಗದ ಥ್ರಾಟಲ್‌ನಲ್ಲಿ ಐಡ್ಲಿಂಗ್‌ಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್, ಸ್ಲೈಡ್ ಮತ್ತು ನೀಡಲ್‌ಗಳದ್ದೇ ಕಾರುಬಾರು.

ಹೊಸದು ಕೊಳ್ಳುವ ಮುನ್ನ ನಿಮ್ಮದು ನಿಜಕ್ಕೂ ಸವೆದಿದೆಯೇ ಎಂದು ನೋಡಿ. ಸ್ಲೈಡ್ ಹೊರತೆಗೆದು ಬೆಳಕಿಗೆ ಹಿಡಿಯಿರಿ. ಇಂಜಿನ್‌ನ ಸೆಳೆತಕ್ಕೆ ಅದು ಸದಾ ಇಂಜಿನ್‌ನ ಕಡೆಗೇ ಒತ್ತಿಕೊಳ್ಳುವುದರಿಂದ ಆ ಬದಿಯಲ್ಲಿ ಹೊಳಪಾದ, ಉದ್ದನೆಯ ಸವೆತದ ಗುರುತು ಕಾಣುತ್ತದೆ. ಮತ್ತೆ ಒಳಗಿಟ್ಟು ಬೆರಳಿನಿಂದ ಅಲುಗಿಸಿದಾಗ ಟಕಟಕ ಎಂದು ಆಡಿದರೆ ಸಂದಿಯಿಂದ ಗಾಳಿ ಸೋರುತ್ತದೆ, ಐಡ್ಲಿಂಗ್ ಒಂದು ಕಡೆ ನಿಲ್ಲುವುದಿಲ್ಲ, ಯಾವ ಟ್ಯೂನಿಂಗೂ ಉಳಿಯುವುದಿಲ್ಲ. ಆಗ ಬುಲೆಟ್ 350ರದ್ದೇ ಆದ ವಿಎಂ24 ಕೊಳ್ಳಿ. ನಕಲಿ ಮಾಲು ಹೇರಳವಾಗಿರುವುದರಿಂದ ಜೆಟ್‌ಗಳ ಮೇಲಿನ ಅಂಕಿಗಳನ್ನು ಹಳೆಯದರ ಅಂಕಿಗಳೊಡನೆ ಹೋಲಿಸದೆ ದುಡ್ಡು ಕೊಡಬೇಡಿ.

ಕೂರಿಸಿದ ಮೇಲೆ ಇಂಧನದ ಕಡೆಗೂ ಗಮನ ಕೊಡಬೇಕಾಗುತ್ತದೆ. ಈ ಕಾರ್ಬೊರೇಟರ್‌ನ ಜೆಟ್‌ಗಳನ್ನು ಆರಿಸಿದ್ದು ಎಥನಾಲ್ ಬೆರೆಸದ ಪೆಟ್ರೋಲ್‌ನ ಕಾಲದಲ್ಲಿ; ಅಂಥ ಪೆಟ್ರೋಲ್ ಒಂದು ಕಿಲೋ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಈಗ ಬಂಕ್‌ಗಳಲ್ಲಿ ಸಿಗುವ, ಶೇ. 20ರಷ್ಟು ಎಥನಾಲ್ ಬೆರೆತ ಇ20ಗೆ 13.5ರ ಆಸುಪಾಸು ಸಾಕು; ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಹೊಸ ಗಾಡಿಗಳ ಫ್ಯೂಯಲ್ ಇಂಜೆಕ್ಷನ್ ಇದನ್ನು ಸೆನ್ಸರ್‌ನಿಂದ ತಿಳಿದು ಹೊಂದಿಸಿಕೊಳ್ಳುತ್ತದೆ, ಜೆಟ್‌ಗೆ ಆ ತಿಳಿವಿಲ್ಲ. ಹಾಗಾಗಿ ಮಿಶ್ರಣ ಲೀನ್ (ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆ) ಆಗಿ ಕ್ಯಾಸ್ಟ್ ಐರನ್ ಸಿಲಿಂಡರ್ ಬೇಗ ಬಿಸಿಯಾಗುತ್ತದೆ. ಸಮುದ್ರಮಟ್ಟದ ಮಂಗಳೂರಿಗಿಂತ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ತೆಳುವಾಗಿರುವುದರಿಂದ ಅದೇ ಜೆಟ್ ತುಸು ರಿಚ್ (ಇಂಧನ ಹೆಚ್ಚು) ಆಗಿ ನಡೆಯುತ್ತದೆ. ಆದ್ದರಿಂದ ಕರಾವಳಿಯವರು ಹೆಚ್ಚು ಎಚ್ಚರದಿಂದಿರಬೇಕು.

ಪರೀಕ್ಷೆ ಸುಲಭ. ಖಾಲಿ ಹೆದ್ದಾರಿಯಲ್ಲಿ, ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಪೂರ್ತಿ ತೆರೆದ ಥ್ರಾಟಲ್ಲನ್ನು ಒಂದಿಷ್ಟೇ ಹಿಂದಕ್ಕೆ ತನ್ನಿ. ಆಗ ಗಾಡಿ ಮುಂದಕ್ಕೆ ಚಿಮ್ಮಿದಂತಾದರೆ ಮೇನ್ ಜೆಟ್ ಚಿಕ್ಕದು, ಒಂದು ಅಳತೆ ದೊಡ್ಡದನ್ನು ಹಾಕಿ. ಅರ್ಧ ಥ್ರಾಟಲ್‌ನಲ್ಲಿ ಸಾಕಷ್ಟು ದೂರ ಓಡಿಸಿ, ಕ್ಲಚ್ ಹಿಡಿದು, ಅಲ್ಲೇ ಇಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚಿ ನೋಡಿದಾಗ ಪಿಂಗಾಣಿ ಬಿಳಿಚಿಕೊಂಡಿದ್ದರೆ ನೀಡಲ್‌ನ ಕ್ಲಿಪ್ಪನ್ನು ಒಂದು ಕಚ್ಚು ಕೆಳಕ್ಕೆ ಇಳಿಸಿ. ಕ್ಲಿಪ್ ಇಳಿದರೆ ನೀಡಲ್ ಏರಿ ಪೆಟ್ರೋಲ್ ಹೆಚ್ಚು ಬರುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪಿಂಗಾಣಿಯ ಬಣ್ಣ ತಿಳಿಗಂದುವಿಗೆ ಬರುವವರೆಗೆ ಮತ್ತೆ ಓಡಿಸಿ ನೋಡಿ.