ಐವತ್ತು ಬಂಗುಡೆ ಅಳೆದರೆ ಕಡಲಿನ ಲೆಕ್ಕ ಸಿಗುತ್ತದೆಯೇ?

ಪ್ರಶ್ನೆ: ನಮ್ಮ ಅಣ್ಣನ ಪರ್ಸೀನ್ ಬೋಟು ದಡ ಸೇರಿದಾಗ ಸಂಶೋಧಕರೊಬ್ಬರು ಐವತ್ತು ಬಂಗುಡೆಗಳನ್ನು ಅಳೆದುಕೊಂಡು ಹೋದರು. ಅಷ್ಟರಿಂದ ಸಮುದ್ರದ ಮೀನಿನ ಸ್ಥಿತಿ ಹೇಗೆ ತಿಳಿಯುತ್ತದೆ?
– ಓದುಗರೊಬ್ಬರು, ಮಲ್ಪೆ

ಉತ್ತರ: ಆ ಐವತ್ತರಿಂದಲೇ ತಿಳಿಯುವುದಿಲ್ಲ. ಇಪ್ಪತ್ತೆರಡು ವರ್ಷ ಬೋಟುಗಳು ಮೀನು ಇಳಿಸುವ ದಕ್ಕೆಯಲ್ಲಿ ಅಳತೆ ಹಲಗೆ ಹಿಡಿದು ಕುಳಿತವನಾಗಿ ಇದನ್ನು ಹೇಳುತ್ತಿದ್ದೇನೆ. ಒಂದು ಅಗುಳು ಹಿಸುಕಿದರೆ ಅನ್ನ ಬೆಂದದ್ದು ಗೊತ್ತಾಗುತ್ತದೆ ಎಂಬ ಮಾತು ಕಡಲಿಗೆ ಒಪ್ಪುವುದಿಲ್ಲ. ಬಂಗುಡೆ ಓರಗೆಯವುಗಳ ಜೊತೆ ಗುಂಪು ಕಟ್ಟಿ ತಿರುಗುವ ಮೀನು. ಪರ್ಸೀನ್ ಬಲೆ ಒಂದು ಗುಂಪನ್ನು ಸುತ್ತಿದರೆ ಬೋಟಿನ ತುಂಬ ಹೆಚ್ಚುಕಡಿಮೆ ಒಂದೇ ಅಳತೆಯ ಮೀನು. ಅದರಲ್ಲಿ ಐನೂರು ಅಳೆದರೂ ಸಿಗುವುದು ಆ ಗುಂಪಿನ ಸುದ್ದಿ ಮಾತ್ರ. ಹತ್ತು ಬೋಟುಗಳಿಂದ ಐವತ್ತೈವತ್ತು ಅಳೆದರೆ ಮಾತು ಬೇರೆ.

ಅದಕ್ಕಾಗಿಯೇ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕ್ರಮದಲ್ಲಿ ತಿಂಗಳನ್ನು ಹತ್ತು ಹತ್ತು ದಿನಗಳ ಮೂರು ಭಾಗ ಮಾಡಿ, ಹೋಗುವ ದಿನವನ್ನು ಚೀಟಿ ಎತ್ತಿದಂತೆ ಆರಿಸುತ್ತಾರೆ. ಮೊದಲ ದಿನ ಮಧ್ಯಾಹ್ನ 12ರಿಂದ ಸಂಜೆ 6, ಮರುದಿನ ಬೆಳಿಗ್ಗೆ 6ರಿಂದ 12; ನಡುವಿನ ರಾತ್ರಿ ಬಂದ ಬೋಟುಗಳ ಲೆಕ್ಕವನ್ನು ವಿಚಾರಿಸಿ ಬರೆದುಕೊಳ್ಳಬೇಕು. ಬೋಟು ಹದಿನೈದರೊಳಗಿದ್ದರೆ ಎಲ್ಲವನ್ನೂ ನೋಡುತ್ತಾರೆ, ಹೆಚ್ಚಿದ್ದರೆ ಕೆಲವನ್ನು.

ಇನ್ನು ರಾಶಿಯಿಂದ ಮೀನು ಎತ್ತುವುದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಲೆ ಎಳೆಯುತ್ತ ಸಾಗುವ ಒಂದು ಟ್ರಾಲ್ ಬೋಟಿನ ಬುಟ್ಟಿಯಿಂದ ನಾನು ಎತ್ತಿದ ಸಾಲನ್ನು ಹಿರಿಯರೊಬ್ಬರು ನೋಡಿದರು. ಏನೂ ಹೇಳದೆ ಬುಟ್ಟಿಯನ್ನೇ ಬೋರಲು ಹಾಕಿ, ಎಲ್ಲವನ್ನೂ ಅಳೆಯಿರಿ ಎಂದರು. ಒಂದೊಂದರ ಮೂತಿಯನ್ನು ಹಲಗೆಯ ತಲೆಗೆ ತಾಗಿಸಿ, ಬಾಲ ನೇರ ಮಾಡಿ ಅಳೆದೆ. ನಾನು ಆರಿಸಿದ್ದರಲ್ಲಿ 18 ಸೆಂಟಿಮೀಟರಿಗಿಂತ ಚಿಕ್ಕದು ಒಂದೂ ಇರಲಿಲ್ಲ. ಬುಟ್ಟಿಯಲ್ಲಿ ಹನ್ನೊಂದು ಇದ್ದವು. ಕೈ ತಾನಾಗಿ ದೊಡ್ಡ ಮೀನಿನ ಕಡೆಗೇ ಹೋಗುತ್ತದೆ. ಅಂದಿನಿಂದ ಏಲಂಗೆ, ಅಂದರೆ ಹರಾಜಿಗೆ, ಬೇರ್ಪಡಿಸುವ ಮೊದಲೇ ಬುಟ್ಟಿ ಕೇಳಿ ಪಡೆಯುತ್ತಿದ್ದೆ. ಮೀನಿನ ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಯ ಲಾರಿಗೆ ತುಂಬುವ ರಾಶಿಯನ್ನೂ ಬಿಡಬಾರದು. ಮರಿಮೀನುಗಳು ಹೆಚ್ಚಾಗಿ ಅಲ್ಲಿರುತ್ತವೆ.

ಉದ್ದವೇ ಏಕೆ ಎಂದರೆ, ತಣ್ಣನೆಯ ಸಮುದ್ರದ ಮೀನುಗಳ ಕಿವಿಗಲ್ಲಿನಲ್ಲಿ (ಕಿವಿಯೊಳಗಿನ ಕಲ್ಲಿನಂಥ ಚೂರಿನಲ್ಲಿ) ಮರದ ಕಾಂಡದಲ್ಲಿರುವಂತೆ ವರ್ಷದ ಬಳೆಗಳು ಮೂಡುತ್ತವೆ, ಎಣಿಸಿದರೆ ವಯಸ್ಸು ಸಿಗುತ್ತದೆ. ನಮ್ಮ ಬೆಚ್ಚಗಿನ ನೀರಿನಲ್ಲಿ ಅವು ಅಷ್ಟು ಸ್ಪಷ್ಟವಿರುವುದಿಲ್ಲ. ಹಾಗಾಗಿ ಹೆಚ್ಚು ಮೀನುಗಳಿರುವ ಅಳತೆ ತಿಂಗಳಿನಿಂದ ತಿಂಗಳಿಗೆ ಎಷ್ಟು ಮುಂದೆ ಸರಿಯಿತು ಎಂದು ನೋಡಿ ಬೆಳವಣಿಗೆಯನ್ನು ಅಂದಾಜಿಸುತ್ತಾರೆ. ಹೊಟ್ಟೆ ಸೀಳಿ ಮೊಟ್ಟೆ ಬಲಿತಿದೆಯೇ ಎಂದೂ ನೋಡುತ್ತಾರೆ.

ಇಷ್ಟಾದರೂ ಹಿಡಿದ ಮೀನಿನ ತೂಕ ಒಂದರಿಂದಲೇ ತೀರ್ಮಾನಕ್ಕೆ ಬರುವಂತಿಲ್ಲ. ಎರಡು ದಿನದಲ್ಲಿ ತಂದ ಐದು ಟನ್ನಿಗೂ ಹತ್ತು ದಿನ ಅಲೆದು ತಂದ ಐದು ಟನ್ನಿಗೂ ಅರ್ಥ ಬೇರೆ. ಆದ್ದರಿಂದ ಎಷ್ಟು ಸಲ ಬಲೆ ಬಿಟ್ಟಿರಿ, ಎಷ್ಟು ಆಳದಲ್ಲಿ, ಬಲೆಯ ಕಣ್ಣು ಎಷ್ಟು ಎಂದು ಕೇಳುವುದು. ದಣಿದು ಬಂದ ತಂಡೇಲರಿಗೆ, ಅಂದರೆ ಬೋಟು ನಡೆಸುವವರಿಗೆ, ಆ ಪ್ರಶ್ನೆಗಳು ಕಿರಿಕಿರಿ ಎಂದು ನನಗೆ ಗೊತ್ತು. ಮುಂದಿನ ಸಲ ಸಂಶೋಧಕರು ಬಂದಾಗ ನಿಮ್ಮ ಅಣ್ಣನವರಿಗೆ ಸರಿಯಾದ ಲೆಕ್ಕ ಕೊಡಲು ಹೇಳಿ, ಸಮುದ್ರಕ್ಕೆ ಮರಳಿ ಎಸೆದ ಮೀನನ್ನೂ ಸೇರಿಸಿ. ಹಲಗೆಯ ಮೇಲೆ ಆ ಮೀನು ಕಾಣುವುದಿಲ್ಲ.